ಪಿಟ್‌ನಲ್ಲಿ ಸ್ವಿಚ್ಚು ಯಾರ ಕೈಯಲ್ಲಿರಬೇಕು?

ಎಂಟು ವರ್ಷಗಳಿಂದ ವಿದ್ಯಾರ್ಥಿಗಳ ರೋಬೋಟ್ ತಂಡವೊಂದಕ್ಕೆ ಮಾರ್ಗದರ್ಶಕನಾಗಿದ್ದೇನೆ. ಅಪಾಯವೆಲ್ಲ ಸ್ಪರ್ಧೆಯ ಅಂಕಣದಲ್ಲಿದೆ ಎಂದು ಮೊದಮೊದಲು ಭಾವಿಸಿದ್ದೆ. ಆದರೆ ಅಂಕಣದ ಸುತ್ತ ತಡೆಗೋಡೆಯಿರುತ್ತದೆ, ತೀರ್ಪುಗಾರರಿರುತ್ತಾರೆ, ಸಮಯ ಮುಗಿದೊಡನೆ ಮೋಟಾರುಗಳನ್ನು ನಿಲ್ಲಿಸುವ ವ್ಯವಸ್ಥೆಯೂ ಇರುತ್ತದೆ. ನಮ್ಮ ತಂಡದಲ್ಲಿ ಈವರೆಗೆ ಆದ ಗಾಯಗಳೆಲ್ಲವೂ ಪಿಟ್‌ನಲ್ಲಿ, ಅಂದರೆ ರೋಬೋಟನ್ನು ರಿಪೇರಿ ಮಾಡುವ ಇಕ್ಕಟ್ಟಾದ ಜಾಗದಲ್ಲಿ, ಅದೂ ಮುಂದಿನ ಪಂದ್ಯಕ್ಕೆ ಹತ್ತು ನಿಮಿಷ ಉಳಿದಿರುವಾಗಲೇ ಆದಂಥವು.

ಮೂರನೆಯ ವರ್ಷ ನಮ್ಮ ರೋಬೋಟಿನ ಎತ್ತುವ ತೋಳಿಗೆ, ಮೋಟಾರಿನ ಭಾರ ತಗ್ಗಲೆಂದು, ಎಳೆದು ಕಟ್ಟಿದ ರಬ್ಬರ್ ಕೊಳವೆಗಳನ್ನು ಅಳವಡಿಸಿದ್ದೆವು. ಹುಡುಗನೊಬ್ಬ ಸ್ವಿಚ್ ಆರಿಸಿ, ಬ್ಯಾಟರಿಯನ್ನೂ ಹೊರತೆಗೆದು, ಸಡಿಲವಾಗಿದ್ದ ಚೈನನ್ನು ಬಿಚ್ಚಿದ. ತೋಳನ್ನು ಕೆಳಗೆ ಹಿಡಿದಿಟ್ಟಿದ್ದುದೇ ಆ ಚೈನು. ಅದು ಕಳಚಿದ ಕ್ಷಣವೇ ತೋಳು ಮೇಲಕ್ಕೆ ಚಿಮ್ಮಿ ಅವನ ರಕ್ಷಣಾ ಕನ್ನಡಕಕ್ಕೆ ಬಡಿಯಿತು. ಕನ್ನಡಕ ಸೀಳಿತು, ಕಣ್ಣಿಗೇನೂ ಆಗಲಿಲ್ಲ. "ಬ್ಯಾಟರಿ ತೆಗೆದಿದ್ದೆನಲ್ಲ ಸರ್" ಎಂದು ಅವನು ಮತ್ತೆ ಮತ್ತೆ ಹೇಳುತ್ತಿದ್ದ. ಅವನು ಮಾಡಿದ್ದು ನಾನು ಕಲಿಸಿದ್ದನ್ನೇ. ತಪ್ಪು ನನ್ನ ಪಾಠದಲ್ಲಿತ್ತು. ವಿದ್ಯುತ್ತು ಹೋದ ಮೇಲೂ ಸ್ಪ್ರಿಂಗಿನಲ್ಲಿ, ರಬ್ಬರಿನಲ್ಲಿ, ಎತ್ತರದಲ್ಲಿ ನಿಂತ ಭಾರದಲ್ಲಿ, ಗಾಳಿಯ ಟ್ಯಾಂಕಿನಲ್ಲಿ ಶಕ್ತಿ ಉಳಿದಿರುತ್ತದೆ ಎಂಬುದನ್ನು ನಾನು ಹೇಳಿರಲೇ ಇಲ್ಲ. ಈಗ ತೋಳಿನ ಕೆಲಸಕ್ಕೆ ಮುನ್ನ ರಬ್ಬರನ್ನು ಕಳಚುತ್ತೇವೆ, ಇಲ್ಲವೇ ತೋಳನ್ನು ಚೌಕಟ್ಟಿಗೆ ಪಟ್ಟಿಯಿಂದ ಬಿಗಿಯುತ್ತೇವೆ. 120 ಪಿಎಸ್‌ಐವರೆಗೂ ತುಂಬುವ ಗಾಳಿಯ ಟ್ಯಾಂಕಿನ ವಾಲ್ವ್ ತೆರೆದು, ಮಾಪಕದ ಮುಳ್ಳು ಸೊನ್ನೆಗೆ ಇಳಿದದ್ದನ್ನು ಇಬ್ಬರು ನೋಡುತ್ತಾರೆ. ದೃಷ್ಟಿದೋಷದ ಕನ್ನಡಕವಿರುವವರು ಅದರ ಮೇಲೆಯೇ ರಕ್ಷಣಾ ಕನ್ನಡಕ ಧರಿಸಬೇಕು, ಏಕೆಂದರೆ ಸಾಮಾನ್ಯ ಕನ್ನಡಕವು ಪಕ್ಕದಿಂದ ಬರುವ ಚೂರನ್ನು ತಡೆಯುವುದಿಲ್ಲ.

ಎರಡನೆಯ ಬದಲಾವಣೆ ಸ್ವಿಚ್ಚಿಗೆ ಸಂಬಂಧಿಸಿದ್ದು. ಪ್ರತಿ ಪಂದ್ಯದ ನಡುವಿನ ಅವಧಿಗೆ ಒಬ್ಬರೇ ಒಬ್ಬರು ಅದರ ಹೊಣೆ ಹೊರುತ್ತಾರೆ. ಅವರು ಗಟ್ಟಿಯಾಗಿ ಕೂಗಿ, ಎಲ್ಲರ ಕೈಗಳೂ ಹೊರಗೆ ಕಾಣಿಸಿದ ಮೇಲಷ್ಟೇ ವಿದ್ಯುತ್ ಕೊಡುತ್ತಾರೆ, ಆಗ ರೋಬೋಟು ಚಕ್ರಗಳು ನೆಲಕ್ಕೆ ತಾಗದಂತೆ ದಿಮ್ಮಿಗಳ ಮೇಲಿರುತ್ತದೆ. ಪ್ರೋಗ್ರಾಂ ಬರೆಯುವವರಿಗೆ ಈ ನಿಯಮ ಕಿರಿಕಿರಿಯೆನಿಸಿತು. ನಿಜ ಹೇಳಬೇಕೆಂದರೆ ನಿಯಮವಿರುವುದು ಮುಖ್ಯವಾಗಿ ಅವರಿಗಾಗಿಯೇ: ಪರದೆಯಲ್ಲಿ ಕಣ್ಣು ನೆಟ್ಟು ಕುಳಿತವರಿಗೆ, ತಮ್ಮದೊಂದು ಕೀಲಿ ಒತ್ತುವಿಕೆಯಿಂದ ತಿರುಗುವ ಗೇರಿನ ಬಳಿ ಯಾರ ಬೆರಳಿದೆ ಎಂಬುದು ಕಾಣಿಸುವುದಿಲ್ಲ.

ಬ್ಯಾಟರಿಯ ವಿಷಯದಲ್ಲಿ ಮಕ್ಕಳನ್ನು ದಾರಿ ತಪ್ಪಿಸುವುದು 12 ವೋಲ್ಟ್ ಎಂಬ ಸಣ್ಣ ಸಂಖ್ಯೆ. ಮುಟ್ಟಿದರೆ ಶಾಕ್ ಹೊಡೆಯದ ಅದೇ ಸೀಸ-ಆಮ್ಲ ಬ್ಯಾಟರಿಯ ಎರಡು ತುದಿಗಳ ನಡುವೆ ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್ ಹರಿದು ಲೋಹ ಕೆಂಪಗೆ ಕಾಯುತ್ತದೆ, ಆದ್ದರಿಂದ ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡುತ್ತೇವೆ. ಕೆಳಗೆ ಬಿದ್ದು ಬಿರುಕು ಬಿಟ್ಟ ಬ್ಯಾಟರಿಯನ್ನು ಕೈಗವಸು ತೊಟ್ಟು ಎತ್ತಿಟ್ಟು, ಸೋರಿದ ಆಮ್ಲಕ್ಕೆ ಅಡುಗೆ ಸೋಡಾ ಸುರಿಯುತ್ತೇವೆ. ಕಿರಿಯ ತಂಡದ ಲಿಥಿಯಂ ಪಾಲಿಮರ್ ಬ್ಯಾಟರಿ ಸ್ವಲ್ಪ ಉಬ್ಬಿದರೂ ಮತ್ತೆ ಚಾರ್ಜಿಗೆ ಇಡುವುದಿಲ್ಲ.

ಇನ್ನೂ ನಮ್ಮ ಹಿಡಿತಕ್ಕೆ ಸಿಗದ ಸಂಗತಿ ನಿದ್ದೆ. ಎರಡನೆಯ ದಿನದ ಮಧ್ಯಾಹ್ನ ಡ್ರಿಲ್ ಹಿಡಿದವರನ್ನು ಎಷ್ಟು ಹೊತ್ತು ಮಲಗಿದ್ದಿರೆಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಹಾಗಾಗಿ ಕಳೆದೆರಡು ಸ್ಪರ್ಧೆಗಳಿಂದ, ಮಕ್ಕಳ ಮುನಿಸನ್ನು ಕಟ್ಟಿಕೊಂಡೇ, ರಾತ್ರಿ ಹತ್ತಕ್ಕೆ ಅವರ ಲ್ಯಾಪ್‌ಟಾಪ್‌ಗಳನ್ನೂ ಉಪಕರಣದ ಪೆಟ್ಟಿಗೆಯ ಬೀಗದ ಕೈಯನ್ನೂ ನನ್ನ ಕೋಣೆಯಲ್ಲಿ ಇಟ್ಟುಕೊಳ್ಳುತ್ತಿದ್ದೇನೆ.