ಎರಡು ಲೀಟರ್ ನೀರಿಗೂ ಆರದ ಗ್ಯಾಸ್ ಹೀಟರ್: ನನ್ನ ಅನುಭವ

ವ್ಯಾನಿನ ಟ್ಯಾಂಕಿನಿಂದ ಉದ್ದ ಕೋಲಿನ (ಪೋಲ್) ತುದಿಯ ಬ್ರಷ್‌ಗೆ ಶುದ್ಧ ನೀರು ಹಾಯಿಸಿ ಕಿಟಕಿ ತೊಳೆಯುವುದು ನನ್ನ ಕೆಲಸ. ಇಂಗ್ಲೆಂಡಿನ ಜನವರಿಯಲ್ಲಿ ಆ ಟ್ಯಾಂಕಿನ ನೀರು ಐದಾರು ಡಿಗ್ರಿ. ನೀರು ಹರಿಯುತ್ತಿರುವಾಗಲೇ ಕಾಯಿಸುವ ಎಲ್‌ಪಿಜಿ ಇನ್‌ಸ್ಟಂಟ್ ಹೀಟರ್ ಹತ್ತುತ್ತದೆ, ಒಂದು ನಿಮಿಷ ಉರಿಯುತ್ತದೆ, ಆರಿಹೋಗುತ್ತದೆ. ಪೋಲ್ ಹಿಡಿದು ಕಿಟಕಿ ತೊಳೆಯುವವರಿಗೆಲ್ಲ ಈ ಕಾಟ ಗೊತ್ತು. 'ಈ ಕೆಲಸಕ್ಕೆ ಗ್ಯಾಸ್ ಆಗಿಬರಲ್ಲ, ಡೀಸೆಲ್ ಹೀಟರ್ ಹಾಕಿಸು' ಎಂದವರೇ ಹೆಚ್ಚು. ಅದಕ್ಕೆ ಸಾವಿರ ಪೌಂಡಿನ ಮೇಲೆ ಬೇಕು. ನನ್ನ ಗ್ಯಾಸ್ ಹೀಟರ್ ಎರಡು ಚಳಿಗಾಲ ದಾಟಿದೆ, ಈಗ ಆರುವುದಿಲ್ಲ.

ಮೊದಲ ದುಡ್ಡು ಹೋದದ್ದು ತಪ್ಪು ಜಾಗಕ್ಕೆ. ಇಗ್ನಿಷನ್ ಬ್ಯಾಟರಿ, ರೆಗ್ಯುಲೇಟರ್, ನೀರಿನ ಡಯಾಫ್ರಂ (ನೀರು ಹರಿದಾಗ ಎದ್ದು ಗ್ಯಾಸ್ ತೆರೆಸುವ ಪೊರೆ), ಮೈಕ್ರೋಸ್ವಿಚ್ ಎಲ್ಲ ಸೇರಿ ತೊಂಬತ್ತು ಪೌಂಡಿನ ಆಸುಪಾಸು. ಇವುಗಳಲ್ಲಿ ಯಾವುದೂ ಕೆಟ್ಟಿರಲಿಲ್ಲ. ಆ ಹಂತದಲ್ಲಿ ಕೆಲಸಕ್ಕೆ ಬಂದದ್ದು ಬ್ಯುಟೇನ್ ಸಿಲಿಂಡರ್ ಬಿಟ್ಟು ಪ್ರೊಪೇನ್ ಹಾಕಿದ್ದು ಮಾತ್ರ, ಆದರೂ ಆರುವುದು ಪೂರ್ತಿ ನಿಲ್ಲಲಿಲ್ಲ. ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42ರವರೆಗೂ ಬರುತ್ತದೆ. ಆದರೆ ಇಲ್ಲಿ ಬ್ಯುಟೇನ್ ರೆಗ್ಯುಲೇಟರಿನ ಒತ್ತಡ 28 ಮಿಲಿಬಾರ್, ಪ್ರೊಪೇನಿನದು 37. ಹೀಟರ್ ಎರಡಕ್ಕೂ ಒಗ್ಗುತ್ತದೆಯೇ ಎಂದು ನೋಡದೆ ಬದಲಿಸಬಾರದು. ಗ್ಯಾಸ್ ಕಡೆಯ ಕೆಲಸವನ್ನು ನೋಂದಾಯಿತ ಎಲ್‌ಪಿಜಿ ಮೆಕ್ಯಾನಿಕ್‌ನಿಂದಲೇ ಮಾಡಿಸಿದ್ದೇನೆ.

ಆರುವುದರಲ್ಲೂ ಎರಡು ಬಗೆ. ಆರಿ ಕೆಲವೇ ಸೆಕೆಂಡಿನಲ್ಲಿ ಟಿಕ್ ಟಿಕ್ ಎಂದು ಮತ್ತೆ ಹತ್ತಿದರೆ ನೀರಿನ ಹರಿವು ಸಾಲುತ್ತಿಲ್ಲ. ನೀರು ಕೈಸುಡುವಷ್ಟು ಬಂದು, ಆರಿದ ಮೇಲೆ ತಣ್ಣಗಾಗುವವರೆಗೂ ಹತ್ತದಿದ್ದರೆ ಅದು ಅತಿಯಾಗಿ ಬಿಸಿಯಾದಾಗ ಬೆಂಕಿ ಆರಿಸುವ ಶಾಖದ ಕಟ್‌ಆಫ್. ನನ್ನದರಲ್ಲಿ ಎರಡೂ ಇದ್ದವು, ಹಾಗಾಗಿ ಒಂದನ್ನು ಸರಿಮಾಡಿದರೆ ಇನ್ನೊಂದು ಕಾಣಿಸಿಕೊಳ್ಳುತ್ತಿತ್ತು. ಲೆಕ್ಕ ಸುಲಭ: ನಿಮಿಷಕ್ಕೆ ಎಷ್ಟು ಲೀಟರ್, ಎಷ್ಟು ಡಿಗ್ರಿ ಏರಬೇಕು, ಇವೆರಡರ ಗುಣಲಬ್ಧವನ್ನು 0.07ರಿಂದ ಗುಣಿಸಿದರೆ ಕಿಲೋವ್ಯಾಟ್. ಬ್ರಷ್‌ಗೆ ಹೋಗುವುದು ಎರಡು ಲೀಟರ್, 10 ಕಿಲೋವ್ಯಾಟ್ ಬೆಂಕಿಗೆ ಅದು 70 ಡಿಗ್ರಿ ಏರುತ್ತದೆ. ಆರದೆ ಇನ್ನೇನು? ಗ್ಯಾಸ್ ನಾಬ್ ತಗ್ಗಿಸಿದರೆ ಶಾಖ ಸರಿಹೋಗುತ್ತದೆ, ಆದರೆ ಡಯಾಫ್ರಂ ಎತ್ತಲು ಎರಡೂವರೆ ಲೀಟರಾದರೂ ಬೇಕು.

ಪರಿಹಾರ ಬೈಪಾಸ್. ಹೀಟರಿನಿಂದ ಹೊರಬರುವ ಪೈಪಿಗೆ ಮೂರು ಬಾಯಿಯ ಒಂದು ಟೀ ಫಿಟಿಂಗ್, ಅದಕ್ಕೆ ಹರಿವನ್ನು ಸಣ್ಣಸಣ್ಣದಾಗಿ ಹೊಂದಿಸುವ ಸೂಜಿ ವಾಲ್ವ್, ಅಲ್ಲಿಂದ 8 ಮಿಲಿಮೀಟರ್ ಪೈಪು ಟ್ಯಾಂಕಿಗೆ ವಾಪಸ್. ಬಕೆಟ್ಟು, ಸ್ಟಾಪ್‌ವಾಚ್ ಹಿಡಿದು ಹೊಂದಿಸಿದೆ: ಹೀಟರ್ ಮೂಲಕ ಮೂರೂವರೆ ಲೀಟರ್, ಬ್ರಷ್‌ಗೆ ಎರಡು, ಉಳಿದದ್ದು ಹಿಂದಕ್ಕೆ. ಬ್ರಷ್ ಕಡೆ ಮುಚ್ಚಿದಾಗಲೂ ನೀರು ಓಡುತ್ತಲೇ ಇರುವುದರಿಂದ ಎಕ್ಸ್‌ಚೇಂಜರ್ (ಬೆಂಕಿಯ ಶಾಖವನ್ನು ನೀರಿಗೆ ದಾಟಿಸುವ ಭಾಗ) ಒಳಗೆ ಕುದಿಯುವುದಿಲ್ಲ. ನೀರಿನ ಹರಿವು ನಿಯಂತ್ರಿಸುವ ಕಂಟ್ರೋಲರ್ ಪಂಪನ್ನು ತಡೆತಡೆದು ಓಡಿಸಿದಾಗ ಜ್ವಾಲೆ ನಡುಗುತ್ತಿತ್ತು, ಒತ್ತಡದ ಏರಿಳಿತ ತಗ್ಗಿಸುವ ಒಂದು ಲೀಟರಿನ ಅಕ್ಯುಮುಲೇಟರ್ ಹಾಕಿದ ಮೇಲೆ ಆ ನಡುಕ ನಿಂತಿತು. ಬೈಪಾಸ್ ಇಲ್ಲದೆ ಅಕ್ಯುಮುಲೇಟರ್ ಒಂದನ್ನೇ ಹಾಕಿಯೂ ನೋಡಿದ್ದೆ, ಪ್ರಯೋಜನವಾಗಲಿಲ್ಲ.

ಬೈಪಾಸ್‌ನಿಂದ ಟ್ಯಾಂಕೂ ಬಿಸಿಯಾಗುತ್ತ ಹೋಗುತ್ತದೆ. 350 ಲೀಟರ್ ಟ್ಯಾಂಕು ಎರಡು ಗಂಟೆಯಲ್ಲಿ 20 ಡಿಗ್ರಿ ದಾಟುತ್ತದೆ, ಆಗ ಗ್ಯಾಸ್ ತಗ್ಗಿಸಲೇಬೇಕು. ವಾಪಸ್ ಪೈಪನ್ನು ಟ್ಯಾಂಕಿನಲ್ಲಿ ಎಲ್ಲಿಗೆ ಬಿಡುತ್ತೇನೆ ಎನ್ನುವುದರಲ್ಲಿ ಒಂದು ಉಪಾಯವಿದೆ, ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ಗಂಟೆಗೆ ಮುಕ್ಕಾಲು ಕೆಜಿ ಲೆಕ್ಕದಲ್ಲಿ 13 ಕೆಜಿ ಸಿಲಿಂಡರ್ ನಾಲ್ಕೈದು ದಿನ ಬರುತ್ತದೆ.

ಶುದ್ಧ ನೀರು ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ಮೊದಲೆಲ್ಲ ರಾತ್ರಿಯಿಡೀ ಹೀಟರಿನಲ್ಲಿ ನಿಂತ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ವಸ್ತುಗಳ ಅಳತೆ) ಬೆಳಿಗ್ಗೆ 3, 4 ತೋರಿಸುತ್ತಿತ್ತು, ಅದು ಏರುತ್ತ ಹೋದರೆ ಗಾಜಿನ ಮೇಲೆ ಚುಕ್ಕೆ ಉಳಿಯುವ ಭಯ. ಈಗಲೂ ಬೆಳಿಗ್ಗೆ ಮೊದಲ ಎರಡು ಲೀಟರ್ ಚೆಲ್ಲುತ್ತೇನೆ, ಹೊರಗಿನ ಫಿಟಿಂಗ್ ಎಲ್ಲ ಸ್ಟೇನ್‌ಲೆಸ್‌ಗೆ ಬದಲಿಸಿದ್ದೇನೆ. ನೀರು ಶುದ್ಧ ಮಾಡುವ ಆರ್‌ಓ ಮೆಂಬ್ರೇನ್ 45 ಡಿಗ್ರಿಯ ಮೇಲೆ ಹಾಳಾಗುತ್ತದೆ, ಹಾಗಾಗಿ ಹೀಟರ್ ಯಾವಾಗಲೂ ಫಿಲ್ಟರ್ ಆದಮೇಲೆ.

ನೂರು ಮೀಟರ್ ಹೋಸ್‌ನಲ್ಲಿ, ಒಳವ್ಯಾಸ 8 ಮಿಲಿಮೀಟರ್ ಆದರೆ, ಐದು ಲೀಟರ್ ನೀರು ನಿಂತಿರುತ್ತದೆ. ಬಿಸಿ ತುದಿ ತಲುಪಲು ಎರಡೂವರೆ ನಿಮಿಷ. ಹೋಸ್‌ಗೆ ಫೋಮ್ ಸುತ್ತಿ ನೋಡಿದೆ, ರೀಲಿನಲ್ಲಿ ಸುತ್ತಿಕೊಳ್ಳಲೇ ಇಲ್ಲ. ಹೀಟರ್ ಬಳಿ 50 ಇದ್ದರೆ ಬ್ರಷ್ ಹತ್ತಿರ 38, 40 ಸಿಗುತ್ತದೆ. ಅಷ್ಟೇ ಸಾಕು. ಹಿಮ ಹಿಡಿದ ಗಾಜಿಗೆ ಅದಕ್ಕಿಂತ ಬಿಸಿ ಬಿಟ್ಟರೆ, ಅಂಚಿನಲ್ಲಿ ಸಣ್ಣ ಸೀಳಿದ್ದರೂ ಸಾಕು, ಒಡೆದುಹೋಗಬಹುದು. ಅಂಥ ದಿನ ಮೊದಲ ಸುತ್ತು ತಣ್ಣೀರಿನಲ್ಲೇ.

ವ್ಯಾನಿನ ಹಿಂಬಾಗಿಲು ಮುಚ್ಚಿ ಹೀಟರ್ ಉರಿಸಲೇಬಾರದು. ಊರಿನ ಬಚ್ಚಲುಮನೆಗಳಲ್ಲಿ ಗ್ಯಾಸ್ ಗೀಸರ್ ಜೀವ ತೆಗೆದ ಸುದ್ದಿ ಓದಿದವರಿಗೆ ಕಾರ್ಬನ್ ಮೊನಾಕ್ಸೈಡ್ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಸಂಜೆ ಕೆಲಸ ಮುಗಿದ ಕೂಡಲೇ ಹೀಟರಿನ ಡ್ರೈನ್ ಪ್ಲಗ್ ಬಿಚ್ಚಿ ನೀರು ಖಾಲಿ ಮಾಡುತ್ತೇನೆ. ಹೆಪ್ಪುಗಟ್ಟಿ ಸೀಳಿದ ಎಕ್ಸ್‌ಚೇಂಜರಿನ ಬೆಲೆ ಹೊಸ ಹೀಟರಿನ ಅರ್ಧಕ್ಕಿಂತ ಹೆಚ್ಚು.