ಕಲಿಸಿದ ಮೇಸ್ತ್ರಿ ಬೇರೆ ಸೈಟಿಗೆ ಹೋದಾಗ

ಒಂದು ಸೋಮವಾರ ಬೆಳಿಗ್ಗೆ ಸೈಟಿಗೆ ಹೋದರೆ ನಮ್ಮ ಒಳ್ಳೆಯ ಮೇಸ್ತ್ರಿಯೇ ಬಂದಿರಲಿಲ್ಲ. ಫೋನ್ ಮಾಡಿದೆ. ಬೇರೆ ಬಿಲ್ಡರ್ ಹತ್ತಿರ ಸೇರಿಕೊಂಡಿದ್ದೇನೆ, ಕೂಲಿ ಸ್ವಲ್ಪ ಜಾಸ್ತಿ ಕೊಡ್ತಾರೆ ಅಂದರು. ನನಗೆ ಸಿಟ್ಟು ಬಂತು. ಎರಡು ತಿಂಗಳು ಪಕ್ಕದಲ್ಲೇ ನಿಂತು ಅವರಿಗೆ ಎಎಸಿ ಬ್ಲಾಕಿನ (ಒಳಗೆ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟು ಬ್ಲಾಕು) ಗೋಡೆ ಕಟ್ಟುವುದನ್ನು ಕಲಿಸಿದ್ದೆ. ಇಟ್ಟಿಗೆಗೆ ಅರ್ಧ ಇಂಚು ಗಾರೆ ಹಾಕಿ ರೂಢಿಯಾದ ಕೈಗೆ ಬರೀ 3 ಮಿಲಿಮೀಟರ್ ಅಂಟುಗಾರೆ ಹಚ್ಚುವುದು ಸುಲಭವಲ್ಲ. ಮೊದಲ ಸಾಲು ರಸಮಟ್ಟಕ್ಕೆ ಸರಿಯಾಗಿ ಕೂರಲೇಬೇಕು, ಅಲ್ಲಿ ತಪ್ಪಿದರೆ ಮೇಲೆ ಗಾರೆಯಲ್ಲಿ ಸರಿಮಾಡೋಣ ಅಂದರೆ ಜಾಗವೇ ಇರುವುದಿಲ್ಲ.

ಆ ಬಿಲ್ಡರ್‌ಗೇ ಫೋನ್ ಮಾಡಿದೆ. "ನಾನು ಕಲಿಸಿದವರನ್ನ ನೀವು ಕರ್ಕೊಂಡು ಹೋದ್ರೆ ಹೇಗೆ ಸಾರ್?" ಅಂತ ಕೇಳಿದೆ. ಅವರು ಸಮಾಧಾನವಾಗಿಯೇ ಹೇಳಿದರು: "ನಿಮ್ಮ ಸೈಟಲ್ಲಿ ಕಂಬಿ ಕಟ್ತಾನಲ್ಲ, ಆ ಹುಡುಗನಿಗೆ ಡ್ರಾಯಿಂಗ್ ಓದೋದು ಕಲಿಸಿದ್ದು ಯಾರು ಅಂದ್ಕೊಂಡ್ರಿ?"

ಅವರೇ ಕಲಿಸಿದ್ದು. ನನಗೆ ಗೊತ್ತೇ ಇರಲಿಲ್ಲ.

ಆವತ್ತು ರಾತ್ರಿ ಇದೇ ತಲೆಯಲ್ಲಿ ಓಡುತ್ತಿತ್ತು. ನಮ್ಮ ಕೆಲಸದಲ್ಲಿ ಪಾಯ ಮುಗಿದರೆ ಆ ತಂಡ ಇನ್ನೊಂದು ಸೈಟಿಗೆ ಹೋಗುತ್ತದೆ, ಮೋಲ್ಡ್ (ಚಾವಣಿಯ ಕಾಂಕ್ರೀಟು) ಮುಗಿದರೆ ಅದಕ್ಕೆ ಅಚ್ಚು ಕಟ್ಟಿ ಆಸರೆ ಕೊಡುವ ಸೆಂಟ್ರಿಂಗ್‌ನವರು ಮತ್ತೊಂದು ಕಡೆ. ನಮ್ಮೆಲ್ಲರ ಮನೆಗಳನ್ನೂ ಕಟ್ಟುತ್ತಿರುವುದು ಅದೇ ಜನ. ಹಾಗಿರುವಾಗ ನಾನೊಬ್ಬನೇ ನನ್ನ ಸೈಟಿನಲ್ಲಿ ಕಲಿಸುತ್ತೇನೆ, ನನ್ನ ಸೈಟು ಮಾತ್ರ ಸುರಕ್ಷಿತವಾಗಿರಲಿ ಅಂದರೆ ನಡೆಯುವ ಮಾತಲ್ಲ. ಮಾರನೇ ವಾರ ಆ ಬಿಲ್ಡರನ್ನೇ ಭೇಟಿಯಾದೆ. ಇನ್ನೂ ಮೂವರನ್ನು ಸೇರಿಸಿಕೊಂಡೆವು. ಐದು ಜನ ಬಿಲ್ಡರ್‌ಗಳಾದೆವು, ಜೊತೆಗೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್.

ಒಪ್ಪಂದ ಸರಳ. ತಿಂಗಳ ಕೊನೆಯ ಶನಿವಾರ ಅರ್ಧ ದಿನ, ಸರದಿ ಪ್ರಕಾರ ಒಬ್ಬರ ಸೈಟಿನಲ್ಲಿ ತರಬೇತಿ. ಬಂದವರಿಗೆಲ್ಲ ಪೂರ್ತಿ ದಿನದ ಕೂಲಿ, ಖರ್ಚು ಐವರೂ ಹಂಚಿಕೊಳ್ಳುವುದು. ಕೂಲಿಯ ವಿಷಯಕ್ಕೆ ಮೂರು ಸಭೆ ಜಗ್ಗಾಡಿದೆವು. ಕಲಿಯುವುದು ಅವರಿಗೇ ಒಳ್ಳೆಯದಲ್ವಾ, ಕೂಲಿ ಯಾಕೆ ಅಂತ ಇಬ್ಬರ ವಾದ. ದಿನಗೂಲಿ ಮೇಲೆ ಬದುಕುವವರನ್ನು ಸುಮ್ನೆ ಬಂದು ಕೂರಿ ಅನ್ನುವುದು ತಪ್ಪು ಅಂತ ನಾನು ಪಟ್ಟು ಹಿಡಿದೆ, ಇವತ್ತಿಗೂ ನನ್ನ ಅಭಿಪ್ರಾಯ ಅದೇ. ಮನೆಯ ದರದ ಬಗ್ಗೆ ಮಾತ್ರ ಅಲ್ಲಿ ಮಾತಿಲ್ಲ. ಯಾರು ಎಷ್ಟಕ್ಕೆ ಕೊಟೇಶನ್ ಕೊಡುತ್ತಾರೆ ಅನ್ನುವುದು ಅವರವರ ವ್ಯವಹಾರ.

ಮೊದಲ ಎರಡು ಶನಿವಾರ ಬಂದವರು ಬೆರಳೆಣಿಕೆಯಷ್ಟು. ಲೇಬರ್ ಕಂಟ್ರಾಕ್ಟರ್‌ಗಳನ್ನು ನಾವು ಕರೆದೇ ಇರಲಿಲ್ಲ, ಅವರು ಹೇಳದೆ ಯಾರೂ ಬರುವುದಿಲ್ಲ. ಅವರನ್ನೂ ಮೇಜಿನ ಸುತ್ತ ಕೂರಿಸಿದ ಮೇಲೆ ಜಾಗ ಸಾಲದಾಯಿತು.

ಮೂರನೇ ಸಲ ನಮ್ಮ ಇಂಜಿನಿಯರ್ ಪಾಠ ಶುರು ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಈ ತಿಂಗಳು ಯಾರಾದ್ರೂ ಸ್ವಲ್ಪದರಲ್ಲಿ ಪಾರಾದ್ರಾ?" ಎಲ್ಲರೂ ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬ ಗಾರೆಯವನು ನಿಧಾನವಾಗಿ ಹೇಳಿದ. ಎರಡನೇ ಮಹಡಿಯ ಸಾರುವೆ ಮೇಲೆ ಹಲಗೆಯ ತುದಿಗೆ ಕಾಲಿಟ್ಟಿದ್ದಾನೆ. ಆ ತುದಿ ಆಧಾರದಿಂದ ಎರಡು ಅಡಿ ಆಚೆಗೆ ಚಾಚಿತ್ತು, ಕಟ್ಟಿರಲಿಲ್ಲ. ಹಲಗೆಯ ಇನ್ನೊಂದು ತುದಿ ಮೇಲೆದ್ದಿದೆ, ಬಾಂಡ್ಲಿ ಗಾರೆ ಸಮೇತ ಕೆಳಗೆ ಬಿದ್ದಿದೆ, ಇವನು ಕಂಬ ತಬ್ಬಿಕೊಂಡು ಉಳಿದಿದ್ದಾನೆ. ಹೇಳುವಾಗ ಅವನ ಕೈ ಕಂಬ ಹಿಡಿದ ಹಾಗೇ ಮಡಚಿಕೊಂಡಿತ್ತು. ಅದು ನನ್ನದೇ ಸೈಟು. ಎರಡು ವಾರ ಆಗಿತ್ತು, ನನಗೆ ಯಾರೂ ಹೇಳಿರಲಿಲ್ಲ. ಅವನು ಮುಗಿಸಿದ ಕೂಡಲೇ ಇನ್ನಿಬ್ಬರು, ಬೇರೆ ಬೇರೆ ಸೈಟಿನವರು, ನಮಗೂ ಹೀಗೇ ಆಗಿತ್ತು ಅಂದರು.

ಕಟ್ಟಡ ಕೆಲಸದಲ್ಲಿ ಅತಿ ಹೆಚ್ಚು ಜೀವ ಹೋಗುವುದು ಎತ್ತರದಿಂದ ಬಿದ್ದೇ. ಇದು ನಮಗೆಲ್ಲ ಗೊತ್ತಿದ್ದ ವಿಷಯ. ಆದರೂ ಆವತ್ತಿನವರೆಗೆ ಯಾರೂ ಹಲಗೆಯ ತುದಿಯನ್ನು ಬಗ್ಗಿ ನೋಡಿರಲಿಲ್ಲ. ಆ ಸೋಮವಾರದೊಳಗೆ ಐದೂ ಕಡೆ ಹಲಗೆಗಳ ಎರಡೂ ತುದಿ ಕಟ್ಟಿದೆವು, ಸುಮಾರು 1 ಮೀಟರ್ ಎತ್ತರಕ್ಕೆ ಅಡ್ಡಪಟ್ಟಿ, ಕಾಲಬಳಿ ಸಾಮಾನು ಜಾರದಂತೆ ಇನ್ನೊಂದು ಪಟ್ಟಿ. ಸಾರುವೆಯ ಖರ್ಚನ್ನು ಕೊಟೇಶನ್ನಿನಲ್ಲಿ ಬೇರೆಯೇ ಸಾಲಾಗಿ ಬರೆಯುತ್ತೇವೆ, ಮನೆ ಮಾಲೀಕರು ಎಷ್ಟೇ ಚೌಕಾಸಿ ಮಾಡಿದರೂ ಅದಕ್ಕೆ ಕೈ ಹಚ್ಚುವುದಿಲ್ಲ. ಪ್ರತಿ ಶನಿವಾರವೂ ಅದೇ ಪ್ರಶ್ನೆಯಿಂದಲೇ ಶುರು. ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇವೆ, ಹೆಸರು ಬೇಡ, ಸೈಟು ಬೇಡ, ಏನಾಯಿತು ಅನ್ನುವುದಷ್ಟೇ. 5 ಅಡಿಗಿಂತ ಆಳದ ಗುಂಡಿಗೆ ಆಸರೆ ಕೊಡದೆ ಇಳಿಸುವುದು ಹಾಗೇ ನಿಂತಿತು. 1 ಘನ ಮೀಟರ್ ಮಣ್ಣು ಒಂದೂವರೆ ಟನ್ನಿನ ಮೇಲೆ ತೂಗುತ್ತದೆ ಅಂತ ಗೊತ್ತಾದಾಗ ಅಗೆಯುವವರೇ ಮೊದಲು ಬೇಡ ಅಂದರು.

ಪರಿಸರದ ವಿಷಯಕ್ಕೆ ನಾವು ಬಂದಿದ್ದು ಸಿಮೆಂಟಿನಿಂದ. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7ರಿಂದ 8ರಷ್ಟು ಸಿಮೆಂಟಿನದು. ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟು ಕ್ಲಿಂಕರ್ ಮಾಡುತ್ತಾರೆ, ಅದನ್ನು ಪುಡಿ ಮಾಡಿದರೆ ಸಿಮೆಂಟು. ಉರಿಸಿದ ಇಂಧನದ ಹೊಗೆ ಒಂದು ಕಡೆ, ಆ ಕಲ್ಲಿನಿಂದಲೇ ಬಿಡುಗಡೆಯಾಗುವ ಅನಿಲ ಅದಕ್ಕಿಂತ ಜಾಸ್ತಿ. ಹಾಗಾಗಿ ಕ್ಲಿಂಕರ್ ಕಡಿಮೆ ಮಾಡಿ ಕಲ್ಲಿದ್ದಲಿನ ಹಾರುಬೂದಿ ಅಥವಾ ಉಕ್ಕಿನ ಕಾರ್ಖಾನೆಯ ಕಿಟ್ಟ (ಸ್ಲ್ಯಾಗ್) ಬೆರೆಸಿದ ಸಿಮೆಂಟನ್ನೇ ಬಳಸೋಣ ಅಂತ ಐವರೂ ತೀರ್ಮಾನಿಸಿದೆವು.

ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಸಿಮೆಂಟು ಬದಲಾಯಿಸಿದೆ, ಸೆಂಟ್ರಿಂಗ್‌ನವರಿಗೆ ಹೇಳಲಿಲ್ಲ. ಬೆರಕೆ ಸಿಮೆಂಟು ಕೊನೆಗೆ ಒಳ್ಳೆಯ ಬಲವನ್ನೇ ಕೊಡುತ್ತದೆ, ಆದರೆ ಮೊದಲ ದಿನಗಳಲ್ಲಿ ನಿಧಾನ. ಅವರು ಹಳೆಯ ಲೆಕ್ಕದ ಪ್ರಕಾರವೇ ಬಂದು ಸ್ಲ್ಯಾಬಿಗೆ ಆಸರೆ ಕೊಟ್ಟಿದ್ದ ಜಾಕ್‌ಗಳನ್ನು ಇಳಿಸತೊಡಗಿದ್ದರು. ನಾನು ಬೇರೆ ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋದವನು ನೋಡಿ ಕೂಗಿ ನಿಲ್ಲಿಸಿದೆ. ಅಷ್ಟರಲ್ಲಿ ನಾಲ್ಕು ಜಾಕ್ ಇಳಿದಿದ್ದವು, ಸ್ಲ್ಯಾಬಿನ ಅಡಿಯಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತಿತ್ತು. ಕೆಳಗೆ ಇಬ್ಬರು ಹುಡುಗರು ನಿಂತಿದ್ದರು. ಇಂಜಿನಿಯರ್ ಬಂದು ಪರೀಕ್ಷೆ ಮಾಡಿ ಸ್ಲ್ಯಾಬ್ ಉಳಿಯುತ್ತದೆ ಅಂದರೂ ನಾನು ಆ ರಾತ್ರಿ ಮಲಗಲಿಲ್ಲ.

ಆಮೇಲಿನ ಶನಿವಾರ ಅದನ್ನು ನಾನೇ ಎಲ್ಲರ ಮುಂದೆ ಹೇಳಿದೆ. ಈಗ ಐದೂ ಸೈಟಿನಲ್ಲಿ ಮೋಲ್ಡ್ ಹಾಕಿದ ದಿನವೇ ಗೋಡೆ ಮೇಲೆ ಬಣ್ಣದಲ್ಲಿ ಮೂರು ವಿಷಯ ಬರೆಯುತ್ತಾರೆ: ಹಾಕಿದ ತಾರೀಕು, ಯಾವ ಸಿಮೆಂಟು, ಜಾಕ್ ಮುಟ್ಟಬಹುದಾದ ತಾರೀಕು. ಮೂರನೆಯದನ್ನು ಇಂಜಿನಿಯರ್ ಮಾತ್ರ ಬರೆಯಬೇಕು. ಕ್ಯೂರಿಂಗ್ 7 ದಿನಕ್ಕೆ ನಿಲ್ಲಿಸುತ್ತಿದ್ದವರು ಈಗ 14 ದಿನ ನೀರು ಕಟ್ಟುತ್ತಾರೆ.

ನೀರು ಜಾಸ್ತಿ ಸುರಿಯುವ ಅಭ್ಯಾಸ ಮಾತ್ರ ಬಾಯಿಮಾತಿಗೆ ಬಗ್ಗಲಿಲ್ಲ. 50 ಕೆಜಿ ಚೀಲಕ್ಕೆ 25 ಲೀಟರ್ ಅಂದರೆ, ಕಾಂಕ್ರೀಟು ಗಟ್ಟಿ ಇದೆ, ಎಳೆಯಕ್ಕಾಗಲ್ಲ ಅಂತ ಇನ್ನೊಂದು ಬಕೆಟ್. ಕೊನೆಗೆ ಒಂದು ಶನಿವಾರ ಎರಡು ಬಗೆ ಕಾಂಕ್ರೀಟನ್ನೂ ಅವರ ಕೈಯಲ್ಲೇ ಕಲಸಿಸಿ 150 ಮಿಲಿಮೀಟರಿನ ಕ್ಯೂಬ್ ಹಾಕಿಸಿದೆವು. 28 ದಿನದ ನಂತರ ಎಲ್ಲರನ್ನೂ ಲ್ಯಾಬಿಗೆ ಕರೆದುಕೊಂಡು ಹೋಗಿ ಎದುರಿಗೇ ಒಡೆಸಿದೆವು. ನೀರು ಜಾಸ್ತಿಯಾದದ್ದು ಎಷ್ಟು ಬೇಗ ಪುಡಿಯಾಯಿತೆಂದರೆ ಒಬ್ಬ ಹಿರಿಯ ಮೇಸ್ತ್ರಿ ಆ ಚೂರನ್ನು ಜೇಬಿಗೆ ಹಾಕಿಕೊಂಡರು. ಅಲ್ಲಿಗೆ ಬಂದಿದ್ದ ಒಬ್ಬ ಹೆಂಗಸು, ವರ್ಷಗಟ್ಟಲೆ ಬಾಂಡ್ಲಿ ಹೊತ್ತವರು, ಕಾಂಕ್ರೀಟು ಎಷ್ಟು ತೆಳುವಾಗಿದೆ ಅಂತ ನೋಡುವ ಸ್ಲಂಪ್ ಟೆಸ್ಟ್ ಮಾಡುವುದನ್ನು ಕಲಿಯುತ್ತೇನೆ ಅಂದರು. ಈಗ ನನ್ನ ಸೈಟಿನಲ್ಲಿ ಆ ಕೆಲಸ ಅವರದೇ, ಕೂಲಿಯೂ ಮೇಸ್ತ್ರಿಯ ಕೂಲಿ. ಅವರು ಕೋನ್ ಎತ್ತಿ, ಎಷ್ಟು ಕುಸಿಯಿತು ಅಂತ ಅಳೆದು ಒಪ್ಪುವವರೆಗೆ ಒಂದು ಬಾಂಡ್ಲಿಯೂ ಮೇಲೆ ಹೋಗುವುದಿಲ್ಲ.

ಮೊದಲು ನನ್ನನ್ನು ಬಿಟ್ಟು ಹೋದ ಆ ಮೇಸ್ತ್ರಿ ವಾಪಸ್ ಬರಲಿಲ್ಲ. ಆದರೆ ಬ್ಲಾಕ್ ಕೆಲಸದ ತರಬೇತಿ ಈಗ ಕೊಡುವುದು ಅವರೇ. ನಾನು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ ಹೇಳಿಕೊಡುತ್ತಾರೆ.

ಪ್ಲಂಬರ್‌ಗಳು, ಎಲೆಕ್ಟ್ರಿಷಿಯನ್‌ಗಳು ಇನ್ನೂ ಸರಿಯಾಗಿ ಒಳಗೆ ಬಂದಿಲ್ಲ. ಚಾವಣಿಗೆ ಶಾಖ ತಡೆಯುವ ಪದರ ಹಾಕಿ, ನೀರು ಇಳಿಯದಂತೆ ಮಾಡಿ ಮುಗಿಸಿದ ಮೇಲೆ ಬಂದು ಪೈಪಿಗೆ ತೂತು ಕೊರೆದು ಹೋಗುತ್ತಾರೆ, ಮೊದಲ ಮಳೆಗೇ ಸೋರುತ್ತದೆ. ಬರುವ ಶನಿವಾರ ಒಂದು ಮಾದರಿ ಚಾವಣಿ ಕಟ್ಟಿಟ್ಟು ಅವರನ್ನೇ ಕರೆಯುತ್ತಿದ್ದೇವೆ. ಮೊದಲು ಅವರೇ ತೂತು ಕೊರೆಯಲಿ, ಮೇಲೆ ನೀರು ನಿಲ್ಲಿಸೋಣ, ಆಮೇಲೆ ಕೆಳಗೆ ನಿಂತು ಎಲ್ಲರೂ ಒಟ್ಟಿಗೆ ನೋಡೋಣ ಅಂತ.