ಬೆಲ್ಲದ ಬಂಡೆ ಒಂದು ಲೆಕ್ಕ, ಲದ್ದಿ ಇನ್ನೊಂದು ಲೆಕ್ಕ

ಹಂಪಿಗೆ ಹತ್ತಿರದ ದರೋಜಿ ಕರಡಿಧಾಮ ಆದದ್ದು 1994ರಲ್ಲಿ. ಮಧ್ಯಾಹ್ನ ಸಿಬ್ಬಂದಿ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಬರುತ್ತಾರೆ. ಬಿಸಿಲು ಇಳಿದಂತೆ ಕರಡಿಗಳು ಗವಿ ಬಿಟ್ಟು ಬಂದು ನೆಕ್ಕುತ್ತವೆ. ನೋಡಲು ಚೆಂದ, ಆದರೆ ಅಷ್ಟನ್ನೇ ಕರಡಿಯ ಆಹಾರ ಅಂತ ಬರೆದುಕೊಂಡರೆ ಕೆಟ್ಟಿತು. ಅದಕ್ಕೇ ನಾನು ಎರಡು ನೋಟ್‌ಬುಕ್ ಇಡುತ್ತೇನೆ.

ಮೊದಲನೆಯದು ವೀಕ್ಷಣಾ ಗೋಪುರದ್ದು. ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8x42 ಬೈನಾಕ್ಯುಲರ್ ಸಾಕು, ಮೊಣಕೈ ಗೋಡೆಗೆ ಊರಿರಬೇಕು. ಐದು ನಿಮಿಷಕ್ಕೊಮ್ಮೆ ಎಣಿಸುತ್ತೇನೆ. ಒಂದೇ ಹೊತ್ತಿಗೆ ಕಂಡ ಅತಿ ಹೆಚ್ಚು ಸಂಖ್ಯೆಯೇ ಆ ದಿನದ ಲೆಕ್ಕ. ಕೂಡುತ್ತಾ ಹೋದರೆ ಬಂಡೆಯ ಹಿಂದೆ ಹೋಗಿ ಮತ್ತೆ ಬಂದ ಕರಡಿ ಎರಡಾಗುತ್ತದೆ. ಎದೆಯ ಬಿಳಿ ಗುರುತು ನೋಡಿ ಬೇರೆ ಮಾಡೋಣವೆಂದರೆ, ತಲೆ ತಗ್ಗಿಸಿ ನೆಕ್ಕುವಾಗ ಅದು ಕಾಣುವುದೇ ಇಲ್ಲ. ಬಳಿಕ ಒಂದೇ ಕರಡಿಯ ಮೇಲೆ ಕಣ್ಣಿಟ್ಟು ಹತ್ತು ನಿಮಿಷ, ಅರ್ಧ ನಿಮಿಷಕ್ಕೊಂದು ಅಕ್ಷರ: ನೆಕ್ಕಿದರೆ ‘ನೆ’, ತಲೆ ಎತ್ತಿದರೆ ‘ತ’, ಇನ್ನೊಂದನ್ನು ಓಡಿಸಿದರೆ ‘ಓ’. ಬೆನ್ನ ಮೇಲೆ ಮರಿ ಹೊತ್ತ ತಾಯಿಯ ಸಾಲಿನಲ್ಲಿ ‘ತ’ ತುಂಬಿರುತ್ತದೆ.

ಎರಡನೆಯದು ಲದ್ದಿಯದ್ದು. ಇದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಜೊತೆಗೆ ವಾಚರ್ ಇರಲೇಬೇಕು. ಕರಡಿಗಳು ಗವಿ ಸೇರಿದ ಮೇಲೆ, ಗಟ್ಟಿಯಾಗಿ ಮಾತಾಡುತ್ತಾ ನಡೆಯಬೇಕು. ಸದ್ದಿಲ್ಲದೆ ಹೋಗಿ ಎದುರಾದರೆ ಬೆದರಿದ ಕರಡಿ ಮೇಲೆರಗುತ್ತದೆ. ಲದ್ದಿಯನ್ನು ಕಾಗದದ ಚೀಲಕ್ಕೆ ಹಾಕಿ ತಾರೀಖು, ಜಾಗ ಬರೆಯುವುದು. ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಆಮೇಲೆ ನೀರಲ್ಲಿ ನೆನೆಸಿ, 1 ಮಿ.ಮೀ. ಜರಡಿಯಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಬಿಳಿ ತಟ್ಟೆಯಲ್ಲಿ ಹರಡುತ್ತೇನೆ. ಕಕ್ಕೆಯ ಚಪ್ಪಟೆ ಕಂದು ಬೀಜ, ಬೋರೆಯ ಗಟ್ಟಿ ಓಟೆ ತಕ್ಷಣ ಸಿಗುತ್ತವೆ. ಗೆದ್ದಲಿನ ಮೆತ್ತನೆಯ ಮೈ ಜೀರ್ಣವಾಗಿ ತಲೆಯಷ್ಟೇ ಉಳಿದಿರುತ್ತದೆ, ಅದಕ್ಕೆ ಲೆನ್ಸ್ ಬೇಕು. ತೂಕ ಮಾಡುವುದಿಲ್ಲ. ಓಟೆಯ ಭಾರಕ್ಕೆ ಬೋರೆ ಯಾವಾಗಲೂ ಗೆದ್ದುಬಿಡುತ್ತದೆ. ಇಪ್ಪತ್ತು ಲದ್ದಿಯಲ್ಲಿ ಎಷ್ಟರಲ್ಲಿ ಏನಿತ್ತು, ಅಷ್ಟೇ.

ದಾರಿಯಲ್ಲಿ ಕೆದರಿದ ಹುತ್ತವನ್ನೂ ಬರೆದುಕೊಳ್ಳುತ್ತೇನೆ. ಕರಡಿ ತೋಡಿದ್ದು ಲಾಳಿಕೆಯಂತೆ ಒಳಕ್ಕೆ ಇಳಿದಿರುತ್ತದೆ, ಗೋಡೆಯಲ್ಲಿ ಉಗುರಿನ ಉದ್ದ ಗೀರು. ಹಂದಿಯದಾದರೆ ನೆಲ ಅಗಲಕ್ಕೆ ಉತ್ತಂತೆ ಇರುತ್ತದೆ. ಕರಡಿ ಮೊದಲು ಮಣ್ಣು ಊದಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಮೇಲಿನ ಎರಡು ಮುಂದಲ್ಲು ಇಲ್ಲದ ಸಂದಿಯಿಂದ ಗೆದ್ದಲನ್ನು ಸೊರ್ರನೆ ಹೀರುತ್ತದೆ. ಸದ್ದು ನೂರು ಮೀಟರ್ ದಾಟಿ ಕೇಳುತ್ತದೆ. ಕೇಳಿದರೆ ಹತ್ತಿರ ಹೋಗಿ ನೋಡುವ ಆಸೆ ಬೇಡ, ಬಂದ ದಾರಿಯಲ್ಲೇ ವಾಪಸ್.

ನನ್ನ ಪಟ್ಟಿಯಲ್ಲಿ ಸದಾ ಸೊರಗುವ ಖಾನೆ ಜೇನಿನದು. ಜೇನುತುಪ್ಪಕ್ಕೆ ಬೀಜವೂ ಇಲ್ಲ, ಓಟೆಯೂ ಇಲ್ಲ. ಜರಡಿಯಲ್ಲಿ ಮೇಣದ ಚೂರೋ ಹುಳದ ರೆಕ್ಕೆಯೋ ಉಳಿದಿದ್ದರೆ ಮಾತ್ರ ಅಲ್ಲೊಂದು ಗೀಟು ಬೀಳುತ್ತದೆ.